ಮೊದಲು ಪಾದ, ಆಮೇಲೆ ಹೊಟ್ಟೆ

ಹದಿನಾರು ವರ್ಷದ ಆ ಹುಡುಗಿ ಮೊದಲ ದಿನ ನನ್ನ ಕೋಣೆಗೆ ಬಂದಾಗ ನಾನು ಅವಳ ಊಟದ ಬಗ್ಗೆಯಾಗಲಿ ತೂಕದ ಬಗ್ಗೆಯಾಗಲಿ ಒಂದು ಮಾತನ್ನೂ ಕೇಳಲಿಲ್ಲ. ಕುರ್ಚಿಯಲ್ಲಿ ಕುಳಿತುಕೊಳ್ಳಲು ಹೇಳಿ, ಚಪ್ಪಲಿ ಬಿಡಿಸಿ, "ನಿನ್ನ ಎರಡೂ ಪಾದ ನೆಲದ ಮೇಲಿದೆಯಲ್ಲ, ಯಾವುದರ ಮೇಲೆ ಭಾರ ಹೆಚ್ಚು ಬೀಳ್ತಿದೆ ಹೇಳ್ತೀಯಾ?" ಎಂದು ಕೇಳಿದೆ. ಅವಳು ತಕ್ಷಣ ತಲೆ ಬಗ್ಗಿಸಿ ಪಾದಗಳನ್ನು ನೋಡಿದಳು. "ನೋಡದೆ ಹೇಳು" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಾಗ್ತಿಲ್ಲ ಮೇಡಂ" ಎಂದಳು. ಕಿಟಕಿ ತೆರೆದಿತ್ತು, ಹೊರಗಿನ ತಣ್ಣನೆಯ ಗಾಳಿ ನೇರವಾಗಿ ಅವಳ ಮೇಲೆಯೇ ಬೀಸುತ್ತಿತ್ತು, ಉಗುರುಗಳು ನೀಲಿಗಟ್ಟಿದ್ದವು. ಚಳಿಯಾಗುತ್ತಿದೆಯೇ ಎಂದು ಕೇಳಿದ್ದಕ್ಕೆ "ಇಲ್ಲ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಕನ್ನಡಿಯಲ್ಲಿ ಕಾಣುವ ತನ್ನ ದೇಹದ ಒಂದೊಂದು ಅಂಗುಲವನ್ನೂ ಬಲ್ಲೆನೆಂದು ನಂಬಿದ್ದ ಆ ಹುಡುಗಿಗೆ ಆ ದೇಹದ ಒಳಗಿನಿಂದ ಬರುವ ಸುದ್ದಿ ಮಾತ್ರ ಎಷ್ಟೋ ತಿಂಗಳಿಂದ ತಲುಪುತ್ತಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಹದಿಹರೆಯದವರ, ತಿನ್ನುವ ರೀತಿಯೇ ಹದಗೆಡುವ ಮಾನಸಿಕ ಕಾಯಿಲೆಗಳಾದ ಈಟಿಂಗ್ ಡಿಸಾರ್ಡರ್‌ಗಳಿಗೆ ಚಿಕಿತ್ಸೆ ನೀಡುವ ತಂಡವೊಂದರಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಂಡದಲ್ಲಿ ಮಕ್ಕಳ ವೈದ್ಯರು, ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಹಾರತಜ್ಞರು ಇದ್ದಾರೆ. ಅವರೆಲ್ಲರ ನಡುವೆ ನನ್ನ ಪಾಲಿನ ಕೆಲಸ ಚಿಕ್ಕದು, ಮತ್ತು ಬಹಳ ಜನರಿಗೆ ಅರ್ಥವಾಗದ್ದು. ಉಸಿರು, ಸ್ನಾಯುಗಳ ಬಿಗಿತ, ನಿಲುವು, ನಡಿಗೆ, ಸ್ಪರ್ಶ ಇವುಗಳ ಮೂಲಕ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಅವರದೇ ಮೈಯೊಳಗೆ ಮತ್ತೆ ಕರೆದುಕೊಂಡು ಬರುವುದು ಆ ಕೆಲಸ. ಇಲ್ಲಿ ಬರೆಯುವ ಮಕ್ಕಳ ವಿವರಗಳನ್ನು ಯಾರಿಗೂ ಗುರುತು ಸಿಗದಂತೆ ಬದಲಿಸಿದ್ದೇನೆ. ತೂಕದ ಅಂಕಿಗಳನ್ನಾಗಲಿ ಆಹಾರದ ಅಳತೆಗಳನ್ನಾಗಲಿ ಎಲ್ಲಿಯೂ ಕೊಟ್ಟಿಲ್ಲ. ಈ ಕಾಯಿಲೆಯಿಂದ ಬಳಲುವವರು ಇಂತಹ ಬರಹವನ್ನು ಓದುವಾಗ ಮೊದಲು ಅಂಕಿಗಳನ್ನೇ ಹುಡುಕುತ್ತಾರೆ, ಹೋಲಿಸಿಕೊಳ್ಳುತ್ತಾರೆ, ಮತ್ತು ಆ ಹೋಲಿಕೆಯಲ್ಲಿ ತಮಗೆ ಇನ್ನೂ ಕಾಯಿಲೆಯೇ ಬಂದಿಲ್ಲ ಎಂದು ತೀರ್ಮಾನಿಸುತ್ತಾರೆ.

ಇತ್ತೀಚೆಗೆ ಎಲ್ಲೆಡೆ ಕೇಳಿಬರುವ ಒಂದು ಸಲಹೆ ಈ ಬರಹಕ್ಕೆ ಕಾರಣ. "ನಿನ್ನ ದೇಹದ ಮಾತು ಕೇಳು, ಹಸಿದಾಗ ತಿನ್ನು, ತೃಪ್ತಿಯಾದಾಗ ನಿಲ್ಲಿಸು" ಎಂಬುದು ಆ ಸಲಹೆ. ಆರೋಗ್ಯವಂತರ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದಪ್ಪಗಾಗುವ ಭಯದಿಂದ ಊಟವನ್ನೇ ಕಡಿಮೆ ಮಾಡುತ್ತಾ ಹೋಗುವ ಅನೊರೆಕ್ಸಿಯಾ ಎಂಬ ಕಾಯಿಲೆಯ ನಡುವಿನಲ್ಲಿರುವ ಮಗುವಿಗೆ ಅದನ್ನು ಹೇಳುವುದು ಅಪಾಯಕರ. ದೇಹವನ್ನು ಆಧರಿಸಿದ ಚಿಕಿತ್ಸೆ ಎಂದರೆ ಇದೇ ಇರಬೇಕು ಎಂದುಕೊಂಡು ನನ್ನ ಬಳಿಗೆ ಬರುವ ತಂದೆತಾಯಂದಿರಿಗೆ ನಾನು ಮೊದಲು ಹೇಳುವ ಮಾತೇ ಇದು: ಸದ್ಯಕ್ಕೆ ನಿಮ್ಮ ಮಗುವಿನ ಹೊಟ್ಟೆ ಹೇಳುವುದನ್ನು ಯಾರೂ ನಂಬಬಾರದು, ಮಗುವೂ ನಂಬಬಾರದು.

ಹೀಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಹಳ ದಿನ ಸಾಕಷ್ಟು ಆಹಾರವಿಲ್ಲದ ದೇಹದಲ್ಲಿ ಜಠರದ ಕೆಲಸವೂ ನಿಧಾನವಾಗುತ್ತದೆ. ತಿಂದದ್ದು ಮುಂದಕ್ಕೆ ಸಾಗದೆ ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಆದ್ದರಿಂದ ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುವಂತಾಗುತ್ತದೆ, ಉಬ್ಬರಿಸುತ್ತದೆ, ನೋಯುತ್ತದೆ. "ನನಗೆ ನಿಜವಾಗಿಯೂ ಸಾಕಾಯಿತು" ಎಂದು ಮಗು ಹೇಳಿದರೆ ಅದು ನಾಟಕವಲ್ಲ. ಸಾಕು ಎಂಬ ಆ ಅನುಭವ ನಿಜವಾದದ್ದೇ, ಆದರೆ ಅದು ಕೊಡುವ ಸುದ್ದಿ ತಪ್ಪು. ಈ ತೊಂದರೆಗೆ ಇರುವ ಮುಖ್ಯ ಪರಿಹಾರವೆಂದರೆ ಹೊತ್ತು ಹೊತ್ತಿಗೆ ಸರಿಯಾಗಿ ತಿನ್ನುವುದು. ತಿನ್ನುತ್ತಾ ಹೋದಂತೆ ಜಠರ ತನ್ನ ಕೆಲಸವನ್ನು ಮತ್ತೆ ಕಲಿಯುತ್ತದೆ. ಹಾಗಾಗಿ ಮೊದಲ ಹಂತದಲ್ಲಿ ಗಡಿಯಾರವೇ ಹಸಿವು, ತಟ್ಟೆಗೆ ಬಡಿಸಿದ್ದು ಮುಗಿಯುವುದೇ ತೃಪ್ತಿ.

ಇದು ಮನಸ್ಸಿನ ದೌರ್ಬಲ್ಯವಲ್ಲ, ಉಪವಾಸವು ಯಾವ ಮನುಷ್ಯನಿಗಾದರೂ ಮಾಡುವ ಕೆಲಸ ಎಂಬುದಕ್ಕೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944ರ ಕೊನೆಯಿಂದ 1945ರವರೆಗೆ ನಡೆದ ಪ್ರಯೋಗ ಸಾಕ್ಷಿಯಾಗಿದೆ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ನಡೆದ ಆ ಪ್ರಯೋಗದಲ್ಲಿ 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಸುಮಾರು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ಅವರಿಗೆ ತೆಳ್ಳಗಾಗಬೇಕೆಂಬ ಆಸೆಯೇನೂ ಇರಲಿಲ್ಲ. ಯುದ್ಧದಿಂದ ಹಸಿದಿದ್ದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ಕಂಡುಕೊಳ್ಳಲು ಅವರು ತಮ್ಮ ಮೈಯನ್ನೇ ಒಡ್ಡಿದ್ದರು. ಆದರೂ ದಿನ ಕಳೆದಂತೆ ಅವರು ಊಟದ ಬಗ್ಗೆ ಮಾತ್ರ ಯೋಚಿಸತೊಡಗಿದರು, ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ಬೇಸಿಗೆಯಲ್ಲೂ ಚಳಿಯೆಂದರು, ಗೆಳೆಯರಿಂದ ದೂರವಾದರು, ಖಿನ್ನರಾದರು. ಮತ್ತೆ ಧಾರಾಳವಾಗಿ ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯೆಂಬುದೇ ತಿಳಿಯದ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿಯಿತು. ಕೀಸ್ ತಂಡ 1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಆ ವರದಿಯ ಸಾರವನ್ನು ನಾನು ತಂದೆತಾಯಂದಿರಿಗೆ ಹೇಳುತ್ತೇನೆ. ಅವರ ಮುಖದ ಗೆರೆಗಳು ಸಡಿಲವಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಗಳ ಹಟವೆಂದು ತಿಳಿದು ಅವರು ಜಗಳವಾಡಿದ್ದರಲ್ಲಿ ಬಹುಪಾಲು ಹಸಿದ ಮಿದುಳಿನ ಲಕ್ಷಣವಾಗಿತ್ತೆಂಬುದು ಅವರಿಗೆ ಆಗ ಹೊಳೆಯುತ್ತದೆ.

ಒಳಗಿನ ಸುದ್ದಿ ತಲುಪದಿರುವುದು ಈ ಕಾಯಿಲೆಯ ಒಂದು ಮುಖ್ಯ ಲಕ್ಷಣ ಎಂದು ಸ್ಪಷ್ಟವಾಗಿ ಬರೆದವರಲ್ಲಿ ಹಿಲ್ಡೆ ಬ್ರುಕ್ ಮೊದಲಿಗರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ಮನೋವೈದ್ಯೆ 1962ರ ತಮ್ಮ ಲೇಖನದಲ್ಲಿ ಅನೊರೆಕ್ಸಿಯಾದ ಮೂರು ತೊಡಕುಗಳನ್ನು ಗುರುತಿಸಿದರು: ತನ್ನ ದೇಹದ ಚಿತ್ರವೇ ತಿರುಚಿಕೊಳ್ಳುವುದು, ಹಸಿವು ದಣಿವುಗಳಂತಹ ದೇಹದ ಸಂಕೇತಗಳನ್ನು ಗುರುತಿಸಲಾಗದಿರುವುದು, ಮತ್ತು ತನ್ನ ಕೈಯಲ್ಲಿ ಏನೂ ಇಲ್ಲ, ತಾನು ಏನೂ ಅಲ್ಲ ಎಂಬ ಭಾವ ಮನಸ್ಸನ್ನೆಲ್ಲ ಆವರಿಸುವುದು. ಮಾತಿನ ಚಿಕಿತ್ಸೆ ಮೂರನೆಯದನ್ನು ಚೆನ್ನಾಗಿ ಮುಟ್ಟುತ್ತದೆ. ಮೊದಲ ಎರಡಕ್ಕೆ ಮಾತು ಮಾತ್ರ ಸಾಲದು ಎಂಬುದು ನನ್ನ ಅನುಭವ. ಒಳಮೈಯ ಅರಿವಿಗೆ ವಿಜ್ಞಾನದಲ್ಲಿ ಇಂಟರೋಸೆಪ್ಷನ್ ಎಂದು ಹೆಸರು. ಆ ಪದದ ಬೇರು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಬಳಸಿದ ಪರಿಭಾಷೆಯಲ್ಲಿದೆ. ಎದೆಬಡಿತ, ಉಸಿರು, ಹಸಿವು, ಬಾಯಾರಿಕೆ, ಬಿಸಿ, ತಂಪು, ನೋವು ಇವುಗಳ ಸುದ್ದಿಯೆಲ್ಲ ಮಿದುಳಿನ ಮಡಿಕೆಯಲ್ಲಿ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಬಂದು ಸೇರುತ್ತದೆ. ಭಾವನೆಗಳಿಗೂ ಅದೇ ಭಾಗದೊಂದಿಗೆ ನಂಟಿದೆ. ನಾಡಿ ಮುಟ್ಟದೆಯೇ ತಮ್ಮ ಎದೆಬಡಿತವನ್ನು ಎಣಿಸಲು ಹೇಳುವ ಪರೀಕ್ಷೆಯಲ್ಲಿ ಅನೊರೆಕ್ಸಿಯಾ ಇರುವವರು ಹಿಂದೆ ಬಿದ್ದದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ಇನ್ನು ಕೆಲವು ಕಂಡಿಲ್ಲ. ನನ್ನ ಕೋಣೆಯಲ್ಲಿ ನಾನು ಕಾಣುವುದು ಇನ್ನೂ ಸಿಕ್ಕುಸಿಕ್ಕಾದದ್ದು. ಪಾದದ ಭಾರ ತಿಳಿಯದ ಅದೇ ಹುಡುಗಿಗೆ ಊಟದ ತಟ್ಟೆಯ ಮುಂದೆ ಕುಳಿತಾಗ ಎದೆ ಡವಡವ ಹೊಡೆದುಕೊಳ್ಳುವುದು ಕಿವಿಗೆ ಅಪ್ಪಳಿಸುವಷ್ಟು ಕೇಳಿಸುತ್ತದೆ. ಮಲಗಿದ್ದ ದೇಹ ಊಟದ ಹೊತ್ತಿಗೆ ಎದ್ದು ಕಿರುಚುತ್ತದೆ. ಅಂಥ ದೇಹದ ಮಾತು ಕೇಳು ಎಂದು ಹೇಳುವುದಾದರೂ ಹೇಗೆ?

ನಮ್ಮ ಭಾಷೆಯಲ್ಲಿ ಮೈ ಎಂಬ ಚಿಕ್ಕ ಪದ ಹೊರುವಷ್ಟು ಭಾರವನ್ನು ದೇಹ ಎಂಬ ಪದ ಹೊರಲಾರದು. ಕಲಿತದ್ದು ಮೈಗೂಡುತ್ತದೆ, ಸಂತೋಷದಲ್ಲಿ ಮೈಮರೆಯುತ್ತೇವೆ, ಹೊಸ ಜಾಗದಲ್ಲಿ ಮೈಚಳಿ ಬಿಡುತ್ತೇವೆ, ಕೇಳಲೇಬೇಕಾದ ಮಾತನ್ನು ಮೈಯೆಲ್ಲ ಕಿವಿಯಾಗಿ ಕೇಳುತ್ತೇವೆ. ಈ ಮಾತುಗಳಲ್ಲಿ ಮೈ ಎಂಬುದು ನೋಡುವ ವಸ್ತುವಲ್ಲ, ನಾವಿರುವ ಜಾಗ. ಈಟಿಂಗ್ ಡಿಸಾರ್ಡರ್ ಬಂದ ಮಗುವಿಗೆ ಆ ಜಾಗ ಕೈತಪ್ಪಿ, ನೋಡಿ ಅಳೆದು ಶಿಕ್ಷಿಸುವ ದೇಹವೊಂದು ಮಾತ್ರ ಉಳಿಯುತ್ತದೆ. ನನ್ನ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿ ಎಂದು ಯಾರಾದರೂ ಕೇಳಿದರೆ, ದೇಹವನ್ನು ಮತ್ತೆ ಮೈಯಾಗಿಸುವುದು ಎನ್ನುತ್ತೇನೆ.

ಅದಕ್ಕೆ ಮುಂಚೆ ಕ್ರಮದ ಮಾತು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಹಗಲಿನಲ್ಲಿ, ವಿಶ್ರಾಂತಿಯಲ್ಲಿರುವಾಗ, ಹದಿಹರೆಯದವರ ನಾಡಿಬಡಿತ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಿಸುವ ಯೋಚನೆ ಮಾಡಬೇಕಾಗುತ್ತದೆ. ಎದ್ದು ನಿಂತಾಗ ತಲೆ ತಿರುಗುವುದು, ರಕ್ತದ ಒತ್ತಡ ಕುಸಿಯುವುದು, ವಾಂತಿಯಿಂದ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪುವುದು, ಇವೆಲ್ಲ ಉಸಿರಾಟದ ಅಭ್ಯಾಸದಿಂದ ಸರಿಹೋಗುವ ಸಂಗತಿಗಳಲ್ಲ. ಬಹಳ ಹಸಿದಿದ್ದ ದೇಹಕ್ಕೆ ಮತ್ತೆ ಆಹಾರ ಕೊಡುವುದು ಕೂಡ ವೈದ್ಯರ ಕಣ್ಣೆದುರೇ ಆಗಬೇಕು, ಏಕೆಂದರೆ ಆಗ ರಕ್ತದ ಫಾಸ್ಫೇಟ್ ಹಠಾತ್ತನೆ ಕುಸಿಯುವ ಅಪಾಯವಿದೆ. ವೈದ್ಯರು ಹಸಿರು ನಿಶಾನೆ ತೋರಿಸದೆ ನಾನು ಯಾವ ಮಗುವನ್ನೂ ನಿಲ್ಲಿಸಿ ವ್ಯಾಯಾಮ ಮಾಡಿಸುವುದಿಲ್ಲ. ಹಾಸಿಗೆಯಲ್ಲಿ ಮಲಗಿರುವಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸುವುದು, ಕಾಲಿಗೆ ಬೆಚ್ಚನೆಯ ಹೊದಿಕೆ ಹೊದಿಸುವುದು, ಆ ಹಂತದಲ್ಲಿ ನನ್ನ ಕೆಲಸ ಇಷ್ಟೇ.

ಹದಿಹರೆಯದ ಮಕ್ಕಳ ಅನೊರೆಕ್ಸಿಯಾಕ್ಕೆ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಕುಟುಂಬವನ್ನು ಆಧರಿಸಿದ ಚಿಕಿತ್ಸೆಗೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಮಗುವಿಗೆ ಊಟ ಮಾಡಿಸುವ ಹೊಣೆಯನ್ನು ಸ್ವಲ್ಪ ಕಾಲ ತಂದೆತಾಯಿಯೇ ಹೊರುತ್ತಾರೆ, ಮಗು ಚೇತರಿಸಿಕೊಂಡಂತೆ ಹೊಣೆಯನ್ನು ಅದಕ್ಕೇ ಮರಳಿಸುತ್ತಾರೆ. 1987ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ, 19 ವರ್ಷದೊಳಗೆ ಕಾಯಿಲೆ ಆರಂಭವಾಗಿ ಮೂರು ವರ್ಷ ದಾಟದವರಿಗೆ ಕುಟುಂಬ ಚಿಕಿತ್ಸೆ ಒಬ್ಬೊಬ್ಬರಿಗೇ ನೀಡುವ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು. ಇನ್ನೊಂದು ಕಡೆ, ಚಿಕಿತ್ಸೆಗಳ ಕುರಿತು ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಯೋಗ, ತೂಕ ಎತ್ತುವ ತರಬೇತಿ, ಆಕ್ಯುಪಂಕ್ಚರ್, ದೇಹಕ್ಕೆ ಶಾಖ ಕೊಡುವುದು ಮುಂತಾದ ದೈಹಿಕ ಚಿಕಿತ್ಸೆಗಳನ್ನು ಈಟಿಂಗ್ ಡಿಸಾರ್ಡರ್‌ಗೆ ಚಿಕಿತ್ಸೆಯ ಭಾಗವಾಗಿ ನೀಡಬಾರದು ಎಂದೇ ಹೇಳುತ್ತದೆ. ನನ್ನ ವೃತ್ತಿಯ ಬುಡಕ್ಕೇ ತಾಗುವ ಮಾತು ಇದು, ಆದರೂ ಇದನ್ನು ಮುಚ್ಚಿಡುವುದು ನನ್ನಿಂದಾಗದು. ಅದನ್ನು ನಾನು ಎಚ್ಚರಿಕೆಯೆಂದು ಸ್ವೀಕರಿಸಿದ್ದೇನೆ. ಊಟದ ಬದಲಿಗೆ ಯೋಗ, ವೈದ್ಯರ ಬದಲಿಗೆ ಮಸಾಜ್ ಎಂದು ಯಾರಾದರೂ ಹೇಳಿದರೆ ಅವರಿಂದ ಮಗುವನ್ನು ದೂರವಿಡಿ. ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ನೆರಳಿನಲ್ಲಿ ದೇಹದೊಂದಿಗೆ ಮಾಡುವ ಕೆಲಸಕ್ಕೆ ಜಾಗವಿದೆ ಎಂಬುದಷ್ಟೇ ನನ್ನ ವಾದ.

ಆ ಜಾಗದಲ್ಲಿ ದುಡಿದ ಹಿರಿಯರೂ ಇದ್ದಾರೆ. ನಾರ್ವೆಯಲ್ಲಿ 1940ರ ದಶಕದಲ್ಲಿ ಫಿಸಿಯೋಥೆರಪಿಸ್ಟ್ ಆಡೆಲ್ ಬ್ಯೂಲೊವ್-ಹಾನ್ಸೆನ್ ಮತ್ತು ಮನೋವೈದ್ಯ ಟ್ರಿಗ್ವೆ ಬ್ರಾಟೊಯ್ ಜೊತೆಗೂಡಿ, ಭಾವನೆಗಳನ್ನು ಅದುಮಿದಾಗ ಉಸಿರು ಹೇಗೆ ಕಟ್ಟುತ್ತದೆ, ಉಸಿರಿನ ಜೊತೆಗೆ ಸ್ನಾಯುಗಳು ಹೇಗೆ ಬಿಗಿಯುತ್ತವೆ ಎಂಬುದನ್ನು ಗಮನಿಸಿ ಒಂದು ಚಿಕಿತ್ಸಾಕ್ರಮವನ್ನೇ ಕಟ್ಟಿದರು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಮಿಷೆಲ್ ಪ್ರೋಬ್ಸ್ಟ್ ಮತ್ತು ಸಂಗಡಿಗರು ಚಲನೆ ಮತ್ತು ಮೈಯ ಅರಿವಿನ ಮೂಲಕ ಮನಸ್ಸನ್ನು ಮುಟ್ಟುವ ಸೈಕೋಮೋಟರ್ ಚಿಕಿತ್ಸೆಯನ್ನು ಈಟಿಂಗ್ ಡಿಸಾರ್ಡರ್ ಇರುವವರಿಗಾಗಿಯೇ ಬೆಳೆಸಿದರು. ನಾನು ಮಾಡುವುದರಲ್ಲಿ ಹೆಚ್ಚಿನದು ಇಂಥವರಿಂದ ಕಲಿತದ್ದೇ.

ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ಮೊದಲಿಗೆ, ಅಲ್ಲಿ ಕನ್ನಡಿ ಇಲ್ಲ. ಸಡಿಲವಾದ ಬಟ್ಟೆ ಹಾಕಿಕೊಂಡು ಬರಲು ಹೇಳುತ್ತೇನೆ. ಕಣ್ಣು ಮುಚ್ಚಲೇಬೇಕೆಂದು ಎಂದೂ ಒತ್ತಾಯಿಸುವುದಿಲ್ಲ, ಏಕೆಂದರೆ ಈ ಮಕ್ಕಳಲ್ಲಿ ಕೆಲವರ ಮೈಮೇಲೆ ಬೇರೆಯವರಿಂದ ದೌರ್ಜನ್ಯ ನಡೆದಿರುತ್ತದೆ, ಅಂಥವರಿಗೆ ಕಣ್ಣು ಮುಚ್ಚುವುದೇ ಭಯದ ಬಾಗಿಲು. ಮುಟ್ಟುವ ಮೊದಲು ಪ್ರತಿ ಸಲವೂ ಕೇಳುತ್ತೇನೆ. ಒಮ್ಮೆ ಒಪ್ಪಿದ್ದಾಳೆಂದು ಮುಂದಿನ ಸಲವೂ ಒಪ್ಪಿದಂತಲ್ಲ. "ಇವತ್ತು ಬೇಡ" ಎಂದು ಒಂದು ಮಗು ನನಗೆ ಹೇಳಿದ ದಿನವನ್ನು ನಾನು ಚಿಕಿತ್ಸೆ ಮುಂದೆ ಸಾಗಿದ ದಿನವೆಂದು ಬರೆದುಕೊಳ್ಳುತ್ತೇನೆ. ತನಗೆ ಏನು ಬೇಡ ಎಂಬುದು ಮೈಯಿಂದ ತಿಳಿದು ಬಾಯಿಯಿಂದ ಹೊರಟ ಆ ಮಾತು ಅಷ್ಟು ದೊಡ್ಡದು.

ಕೆಲಸ ಯಾವಾಗಲೂ ಹೊಟ್ಟೆಯಿಂದ ದೂರದಲ್ಲಿ ಶುರುವಾಗುತ್ತದೆ. ಹೊಟ್ಟೆ, ತೊಡೆ, ಸೊಂಟ ಇವು ಯುದ್ಧಭೂಮಿ. ಅಲ್ಲಿಗೆ ಮೊದಲೇ ಕಾಲಿಟ್ಟರೆ ಮಗು ಓಡಿಹೋಗುತ್ತದೆ. ಪಾದಗಳ ಮೇಲೆ ಯಾರಿಗೂ ಅಷ್ಟು ದ್ವೇಷವಿರುವುದಿಲ್ಲ. ಆದ್ದರಿಂದ ಪಾದದ ಕೆಳಗೆ ಒಂದು ಚಿಕ್ಕ ಚೆಂಡನ್ನಿಟ್ಟು ನಿಧಾನವಾಗಿ ಉರುಳಿಸಲು ಹೇಳುತ್ತೇನೆ, ಎರಡು ನಿಮಿಷದ ನಂತರ ಚೆಂಡನ್ನು ತೆಗೆದು ಎರಡೂ ಪಾದಗಳನ್ನು ನೆಲಕ್ಕೂರಿ ವ್ಯತ್ಯಾಸವನ್ನು ಕೇಳುತ್ತೇನೆ. ಚೆಂಡು ಉರುಳಿಸಿದ ಪಾದ ಅಗಲವಾದಂತೆ, ಬೆಚ್ಚಗಾದಂತೆ, ನೆಲಕ್ಕೆ ಹೆಚ್ಚು ಅಂಟಿಕೊಂಡಂತೆ ಅನ್ನಿಸುತ್ತದೆ. ಆ ವ್ಯತ್ಯಾಸ ಅವರಿಗೆ ತಿಳಿದ ಗಳಿಗೆ ಮುಖದಲ್ಲಿ ಕಾಣುತ್ತದೆ; ಹುಬ್ಬು ಸ್ವಲ್ಪ ಮೇಲೇರುತ್ತದೆ, ಬಾಯಿ ತುಸು ತೆರೆದುಕೊಳ್ಳುತ್ತದೆ. ಆಮೇಲೆ ಬೆನ್ನು. ಗೋಡೆಗೋ ಕುರ್ಚಿಗೋ ಬೆನ್ನನ್ನು ಒರಗಿಸುವುದು ಸುಲಭವೆಂದು ನಮಗೆ ತೋರುತ್ತದೆ, ಆದರೆ ಬಹಳಷ್ಟು ಮಕ್ಕಳು ಕುರ್ಚಿಯ ತುದಿಯಲ್ಲೇ ಕೂರುತ್ತಾರೆ, ಒರಗಿದರೂ ಬೆನ್ನಿನ ಭಾರವನ್ನು ಕುರ್ಚಿಗೆ ಕೊಡುವುದಿಲ್ಲ, ತಾವೇ ಹಿಡಿದುಕೊಂಡಿರುತ್ತಾರೆ. ಭಾರವನ್ನು ಬೇರೆಯದರ ಮೇಲೆ ಬಿಡುವುದು ಎಂದರೆ ತನಗೆ ಭಾರವಿದೆ ಎಂದು ಒಪ್ಪಿಕೊಳ್ಳುವುದು. ಇದಕ್ಕೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು.

ಉಸಿರನ್ನು ಮಾತ್ರ ಎಚ್ಚರದಿಂದ ಮುಟ್ಟುತ್ತೇನೆ. ಆಳವಾಗಿ ಉಸಿರು ತೆಗೆದುಕೋ ಎಂದರೆ ಹೊಟ್ಟೆ ಉಬ್ಬಬೇಕು, ಹೊಟ್ಟೆಯನ್ನು ಸದಾ ಒಳಗೆ ಎಳೆದುಕೊಂಡೇ ಇರುವ ಹುಡುಗಿಗೆ ಅದಕ್ಕಿಂತ ಘೋರವಾದ ಅಪ್ಪಣೆ ಇಲ್ಲ. ರಭಸದ ಉಸಿರಾಟದ ಅಭ್ಯಾಸಗಳನ್ನು ನಾನು ಮಾಡಿಸುವುದೇ ಇಲ್ಲ. ಉಸಿರು ಹೊರಗೆ ಹೋಗುವುದನ್ನು ಮಾತ್ರ ಸ್ವಲ್ಪ ಉದ್ದ ಮಾಡು ಎನ್ನುತ್ತೇನೆ, ಅಥವಾ ಗುನುಗಲು ಹೇಳುತ್ತೇನೆ. ಹೊರಗೆ ಬಿಟ್ಟಷ್ಟೂ ಒಳಗೆ ಬರುವುದು ತಾನಾಗಿಯೇ ಆಳವಾಗುತ್ತದೆ. ಊಟಕ್ಕೆ ಮುಂಚಿನ ಹತ್ತು ನಿಮಿಷ ಹೀಗೆ ಕುಳಿತು ಹೋದ ಮಕ್ಕಳಿಗೆ ಮೊದಲ ತುತ್ತು ಸ್ವಲ್ಪವಾದರೂ ಸಲೀಸಾಗಿ ಇಳಿಯುತ್ತದೆ ಎಂದು ನಮ್ಮ ದಾದಿಯರು ಹೇಳುತ್ತಾರೆ.

ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಗ್ಗದ ಅಭ್ಯಾಸವೊಂದನ್ನು ಕಲಿತಿದ್ದೆ. ತನ್ನ ಸೊಂಟದ ಸುತ್ತಳತೆ ಎಷ್ಟಿರಬಹುದೆಂದು ಊಹಿಸಿ ಮಗು ನೆಲದ ಮೇಲೆ ಹಗ್ಗವನ್ನು ವೃತ್ತಾಕಾರವಾಗಿ ಇಡಬೇಕು, ಆಮೇಲೆ ನಿಜವಾದ ಅಳತೆಯ ಇನ್ನೊಂದು ಹಗ್ಗವನ್ನು ಅದರೊಳಗೆ ಇಟ್ಟು ತೋರಿಸಬೇಕು. ಹದಿನಾಲ್ಕರ ಒಬ್ಬ ಹುಡುಗಿ ಇಟ್ಟ ಹಗ್ಗದೊಳಗೆ ಅವಳಂಥ ಇಬ್ಬರು ನಿಲ್ಲಬಹುದಿತ್ತು. ಗೆದ್ದವಳಂತೆ ನಾನು ಎರಡನೆಯ ಹಗ್ಗವನ್ನಿಟ್ಟು, "ನೋಡು, ನೀನು ಇಷ್ಟೇ ಇರುವುದು" ಎಂದೆ. ಅವಳು ಎರಡೂ ಹಗ್ಗಗಳನ್ನು ಬಹಳ ಹೊತ್ತು ನೋಡಿ, "ಹಾಗಾದ್ರೆ ನನ್ನ ಕಣ್ಣನ್ನೂ ನಾನು ನಂಬೋ ಹಾಗಿಲ್ಲ" ಎಂದಳು, ಆಮೇಲೆ ಮೂರು ವಾರ ನನ್ನ ಕೋಣೆಗೆ ಬರಲಿಲ್ಲ. ನಾನು ಅವಳಿಂದ ಕೊನೆಯ ಆಸರೆಯನ್ನು ಕಿತ್ತುಕೊಂಡಿದ್ದೆ, ಅದರ ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ. ಹಗ್ಗದ ಅಭ್ಯಾಸ ಕೆಟ್ಟದ್ದಲ್ಲ. ಸರಿಯಾದ ಕಾಲದಲ್ಲಿ, ಮಗುವಿಗೇ ಕುತೂಹಲ ಹುಟ್ಟಿದಾಗ, ಅದು ಉಪಯೋಗಕ್ಕೆ ಬರುತ್ತದೆ. ಮೈಯ ಅರಿವೇ ಇಲ್ಲದವರಿಗೆ ಅಳತೆಯ ಪುರಾವೆ ಕೊಟ್ಟರೆ ಅದು ಇನ್ನೊಂದು ಹೊಡೆತವಾಗುತ್ತದೆ ಅಷ್ಟೇ.

ಇದು ಕಣ್ಣಿನ ಮೋಸ ಮಾತ್ರವಲ್ಲ ಎಂಬುದನ್ನು ಆಮೇಲೆ ಓದಿದ ಒಂದು ಅಧ್ಯಯನ ನನಗೆ ಮನವರಿಕೆ ಮಾಡಿತು. ನೆದರ್ಲೆಂಡ್ಸ್‌ನ ಅನೌಕ್ ಕೈಜರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಬೇರಾವುದೋ ಕೆಲಸ ಕೊಟ್ಟು, ಅವರ ಗಮನಕ್ಕೆ ಬಾರದಂತೆ ಬೇರೆ ಬೇರೆ ಅಗಲದ ಬಾಗಿಲುಗಳ ಮೂಲಕ ನಡೆಸಿದರು. ಆರೋಗ್ಯವಂತರು ತಮ್ಮ ಭುಜದ ಅಗಲಕ್ಕಿಂತ ಶೇ. 25ರಷ್ಟು ಹೆಚ್ಚು ಅಗಲದ ಬಾಗಿಲಿಗೆ ಬಂದಾಗ ಭುಜವನ್ನು ಓರೆ ಮಾಡತೊಡಗಿದರೆ, ಅನೊರೆಕ್ಸಿಯಾ ಇದ್ದವರು ಶೇ. 40ರಷ್ಟು ಹೆಚ್ಚು ಅಗಲವಿದ್ದಾಗಲೇ ಓರೆ ಮಾಡಿದರು. ತಾನು ದಪ್ಪ ಎಂದು ಅವರು ಯೋಚಿಸುತ್ತಿರಲಿಲ್ಲ, ಅವರ ಭುಜ ಹಾಗೆ ನಡೆದುಕೊಂಡಿತು. ನಡಿಗೆಯೊಳಗೇ ಇಳಿದುಬಿಟ್ಟ ಕಾಯಿಲೆಯನ್ನು ವಾದದಿಂದ ಗೆಲ್ಲಲಾಗುವುದಿಲ್ಲ. ಬಾಗಿಲುಗಳ ನಡುವೆ, ಮೇಜುಗಳ ನಡುವೆ, ಗೆಳತಿಯರ ನಡುವೆ ಮತ್ತೆ ಮತ್ತೆ ನಡೆದು, ಮೈ ಎಲ್ಲಿ ಮುಗಿಯುತ್ತದೆ ಎಂಬುದನ್ನು ಭುಜವೇ ಹೊಸದಾಗಿ ಕಲಿಯಬೇಕು.

ಚಲನೆಯ ಬಗ್ಗೆ ತಂದೆತಾಯಂದಿರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದೇಹದ ಚಿಕಿತ್ಸೆ ಎಂದಾಗ ಅವರು ವ್ಯಾಯಾಮವೆಂದು ತಿಳಿಯುತ್ತಾರೆ. ಈ ಮಕ್ಕಳಲ್ಲಿ ಹಲವರಿಗೆ ವ್ಯಾಯಾಮವೇ ಕಾಯಿಲೆಯ ಒಂದು ಕೈ. ಕೂರಲಾರರು, ನಿಂತೇ ಓದುತ್ತಾರೆ, ಕಾಲನ್ನು ಒಂದೇ ಸಮನೆ ಅಲ್ಲಾಡಿಸುತ್ತಿರುತ್ತಾರೆ. ಮೂಳೆ ತೆಳುವಾಗಿರುವ ದೇಹದಲ್ಲಿ ಅತಿಯಾದ ಓಟ ಮೂಳೆಯನ್ನು ಸೀಳಬಲ್ಲದು. ಅಂಥವರಿಗೆ ನನ್ನ ಕೋಣೆಯಲ್ಲಿ ಕಲಿಸುವುದು ನಿಲ್ಲುವುದನ್ನು, ನಿಧಾನವಾಗುವುದನ್ನು. ಐದು ನಿಮಿಷ ನೆಲದ ಮೇಲೆ ಮಲಗಿ ಏನೂ ಮಾಡದಿರುವುದು ಒಬ್ಬ ಹುಡುಗನಿಗೆ ಹತ್ತು ಕಿಲೋಮೀಟರ್ ಓಟಕ್ಕಿಂತ ಕಷ್ಟವಾಗಿತ್ತು. ಮೂರನೆಯ ನಿಮಿಷದಲ್ಲಿ ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು, ಅದನ್ನು ಒರೆಸಿಕೊಳ್ಳಲೂ ಅವನು ಕೈ ಎತ್ತಲಿಲ್ಲ. ಹುಡುಗರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಇನ್ನೂ ಬಿಡಿಸಿ ಹೇಳಬೇಕಾಗಿರುವುದು ಬೇಸರದ ಸಂಗತಿ. ಸ್ನಾಯು ಬೆಳೆಸುವ ಹುಮ್ಮಸ್ಸೆಂದು ಮೆಚ್ಚಿಕೊಳ್ಳುತ್ತಲೇ ಅವರನ್ನು ತಡವಾಗಿ ಕರೆತರುತ್ತಾರೆ.

ಹತೋಟಿಯಿಲ್ಲದೆ ತಿನ್ನುವ ಬಿಂಜ್ ಈಟಿಂಗ್, ಹಾಗೆ ತಿಂದು ಆಮೇಲೆ ಅದನ್ನು ವಾಂತಿ, ಉಪವಾಸಗಳಿಂದ ಸರಿದೂಗಿಸಲು ಹೊರಡುವ ಬುಲಿಮಿಯಾ ಇರುವ ಮಕ್ಕಳಲ್ಲಿ ಕೆಲಸದ ಬಗೆ ಬೇರೆ. ಅಲ್ಲಿ ಕೋಪ, ಒಂಟಿತನ, ನಾಚಿಕೆ ಇವೆಲ್ಲ ಹಸಿವಿನ ವೇಷದಲ್ಲಿ ಬರುತ್ತವೆ. ತಿನ್ನಲೇಬೇಕೆಂಬ ತುಡಿತ ಎದ್ದಾಗ ಅದು ಮೈಯಲ್ಲಿ ಎಲ್ಲಿದೆ ಎಂದು ಕೇಳುತ್ತೇನೆ. ಗಂಟಲಲ್ಲಿ, ದವಡೆಯಲ್ಲಿ, ಅಂಗೈಯಲ್ಲಿ ಎಂದು ಅವರು ತೋರಿಸುತ್ತಾರೆ, ಹೊಟ್ಟೆಯನ್ನು ತೋರಿಸುವವರು ಕಡಿಮೆ. ದವಡೆಯಲ್ಲಿರುವ ಕೋಪಕ್ಕೆ ಬೇಕಾದದ್ದು ಊಟವಲ್ಲ ಎಂಬುದನ್ನು ಅವರು ಹಾಗೆ ಬೆರಳಿಟ್ಟೇ ಕಂಡುಕೊಳ್ಳಬೇಕು. ಆದರೆ ಇಲ್ಲಿಯೂ ಹೊತ್ತು ಹೊತ್ತಿನ ಊಟವೇ ಅಡಿಪಾಯ. ಹಗಲೆಲ್ಲ ಉಪವಾಸವಿದ್ದವರ ರಾತ್ರಿಯ ತುಡಿತ ಬರಿಯ ಭಾವನೆಯಲ್ಲ, ನಿಜವಾದ ಹಸಿವು.

ಪುರಾವೆಯ ಪ್ರಶ್ನೆಗೆ ಮತ್ತೆ ಬರುತ್ತೇನೆ. ಅಮೆರಿಕದಲ್ಲಿ ಈಟಿಂಗ್ ಡಿಸಾರ್ಡರ್‌ಗೆ ಹೊರರೋಗಿಗಳಾಗಿ ಚಿಕಿತ್ಸೆ ಪಡೆಯುತ್ತಿದ್ದ 11ರಿಂದ 21 ವರ್ಷದ 54 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಎಂಟು ವಾರ ಯೋಗವನ್ನೂ ಮಾಡಿದವರ ಲಕ್ಷಣಗಳು ಹೆಚ್ಚು ಇಳಿದವು, ಯೋಗದಿಂದ ತೂಕಕ್ಕೆ ಹಾನಿಯಾಗಲಿಲ್ಲ, ಅಭ್ಯಾಸ ಮುಗಿದ ಕೂಡಲೇ ಆಹಾರದ ಬಗೆಗಿನ ಚಿಂತೆ ಕಡಿಮೆಯಾಗುತ್ತಿತ್ತು. ಸಂಖ್ಯೆ ಚಿಕ್ಕದು. ಇಂಥ ಹತ್ತು ಅಧ್ಯಯನಗಳು ಬಂದರೂ ಅವು ಕುಟುಂಬದ ಊಟದ ಮೇಜಿನ ಜಾಗವನ್ನು ತುಂಬಲಾರವು. ಆದರೆ ತೂಕ ಮರಳಿದ ಮೇಲೂ ಎಷ್ಟೋ ಮಕ್ಕಳಲ್ಲಿ ತಮ್ಮ ದೇಹದ ಮೇಲಿನ ಅಸಹ್ಯ ಹಾಗೆಯೇ ಉಳಿಯುತ್ತದೆ, ಮತ್ತು ಅದು ಉಳಿದಲ್ಲಿ ಕಾಯಿಲೆ ಮರುಕಳಿಸುವ ಭಯವೂ ಉಳಿಯುತ್ತದೆ. ಆ ಅಂತರದಲ್ಲಿ ಕೆಲಸ ಮಾಡುವವರು ಬೇಕು, ಅವರ ಕೆಲಸವನ್ನು ಪ್ರಾಮಾಣಿಕವಾಗಿ ಅಳೆಯುವವರೂ ಬೇಕು.

ಮನೆಯವರಿಗೆ ನನ್ನದೊಂದು ಬೇಡಿಕೆ. ಮಗು ಚೇತರಿಸಿಕೊಳ್ಳುವಾಗ "ಈಗ ಮೈ ತುಂಬಿಕೊಂಡಿದ್ದೀಯ" ಎಂದು ಅಕ್ಕರೆಯಿಂದ ಹೇಳುತ್ತೀರಿ. ಅದು ಹಾರೈಕೆಯೇ ಹೌದು, ಆದರೆ ಆ ಮಗುವಿನ ಕಿವಿಗೆ ಅದು ದಪ್ಪಗಾಗಿದ್ದೀಯ ಎಂದೇ ಕೇಳಿಸುತ್ತದೆ. "ಮುಖದಲ್ಲಿ ಕಳೆ ಬಂದಿದೆ" ಎಂದರೂ ಅಷ್ಟೇ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನಾದರೂ ಹೇಳಿ. ನಿನ್ನ ನಗು ಪಕ್ಕದ ಕೋಣೆಗೆ ಕೇಳಿಸಿತು ಎನ್ನಿ, ನಿನ್ನ ಕೈ ಇವತ್ತು ಬೆಚ್ಚಗಿದೆ ಎನ್ನಿ. ಮತ್ತು ನಿಮ್ಮ ಸ್ವಂತ ದೇಹವನ್ನು ಮಕ್ಕಳೆದುರು ಹಳಿದುಕೊಳ್ಳಬೇಡಿ. ಅವರು ಅದನ್ನು ಮೈಯೆಲ್ಲ ಕಿವಿಯಾಗಿಯೇ ಕೇಳುತ್ತಿರುತ್ತಾರೆ.

ಪಾದದ ಭಾರ ತಿಳಿಯದಿದ್ದ ಹುಡುಗಿ ವಾರಕ್ಕೆರಡು ಸಲದಂತೆ ಬರುತ್ತಲೇ ಇದ್ದಳು. ಮನೆಯಲ್ಲಿ ಅವಳ ಅಮ್ಮ ಪ್ರತಿ ಹೊತ್ತೂ ಪಕ್ಕದಲ್ಲಿ ಕುಳಿತು ಊಟ ಮಾಡಿಸುತ್ತಿದ್ದರು. ಅತ್ತ ಜಗಳಗಳು, ಅಳು, ಎಸೆದ ತಟ್ಟೆಗಳು, ಮತ್ತೆ ಬಡಿಸಿದ ಊಟ; ಇತ್ತ ಚೆಂಡು, ಗೋಡೆ, ಗುನುಗು. ಹಸಿವು ಯಾವಾಗ ಬರುತ್ತದೆ ಎಂದು ಅವರು ನನ್ನನ್ನು ಆಗಾಗ ಕೇಳುತ್ತಿದ್ದರು, ಅದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಕಾಯಬೇಡಿ, ಗಡಿಯಾರ ನೋಡಿ ಬಡಿಸಿ ಎನ್ನುತ್ತಿದ್ದೆ. ಐದನೆಯ ತಿಂಗಳಿನ ಒಂದು ಸಂಜೆ ಅವಳು ಗೋಡೆಗೆ ಬೆನ್ನೊರಗಿಸಿ, ಕಾಲು ಚಾಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಏನನ್ನೂ ಕೇಳಿರಲಿಲ್ಲ. ತಟ್ಟನೆ ತೋಳುಗಳನ್ನು ಎದೆಗೆ ಅವಚಿಕೊಂಡು, "ಮೇಡಂ, ಚಳಿ ಆಗ್ತಿದೆ. ಆ ಕಿಟಕಿ ಹಾಕ್ತೀರಾ?" ಎಂದಳು.

ನಾನು ಎದ್ದು ಹೋಗಿ ಕಿಟಕಿ ಹಾಕಿದೆ. ಹಸಿವು ಬರಲು ಆಮೇಲೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು.